ಕ್ಯಾಲ್ಸಿಯಂ ಸ್ಕೋರ್ ಸೊನ್ನೆ, ಹೃದಯದ ಸುತ್ತ ಕೊಬ್ಬು ಮಾತ್ರ 148 ಎಂಎಲ್: ಈ ಅಂಕಿಯನ್ನು ಹೇಗೆ ಓದಬೇಕು?

ಗಂಗಾವತಿ ಫಿಜಿಶಿಯನ್

ಎಲ್ಲರಿಗೂ ನಮಸ್ಕಾರ. ಒಬ್ಬ ರೋಗಿಯ ಮೂರು ರಿಪೋರ್ಟ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ರೇಡಿಯಾಲಜಿಯವರು, ಎಕೋ ಮಾಡುವವರು ದಯವಿಟ್ಟು ನೋಡಿ ಹೇಳಿ.

52ರ ಗಂಡಸು. ಶುಗರ್ ಬಂದು 8 ವರ್ಷ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.1. ಎತ್ತರ 165 ಸೆಂ.ಮೀ., ತೂಕ 72 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 128, ಟ್ರೈಗ್ಲಿಸರೈಡ್ 210. ಬಿಪಿ ಮಾತ್ರೆಯಲ್ಲಿ ಹತೋಟಿಯಲ್ಲಿದೆ, ಬೀಡಿ ಸಿಗರೇಟ್ ಇಲ್ಲ. ಜೋರಾಗಿ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಎರಡು ಮೂರು ನಿಮಿಷದಲ್ಲಿ ಬಿಡುತ್ತದೆ. ಕೂತಾಗ, ಮಲಗಿದಾಗ ಇಲ್ಲ. ಇಸಿಜಿ ಸರಿ ಇದೆ.

ಮೊದಲ ರಿಪೋರ್ಟ್ ಎಕೋ (ಹೃದಯದ ಅಲ್ಟ್ರಾಸೌಂಡ್): ಪಂಪಿಂಗ್ 60%, ಗೋಡೆಗಳ ಚಲನೆ ಸರಿ, ‘ಹೃದಯದ ಮುಂಭಾಗದಲ್ಲಿ 7 ಮಿ.ಮೀ. ನೀರು’. ಎರಡನೆಯದು ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಕೂತ ಕ್ಯಾಲ್ಸಿಯಂ ಎಣಿಸುವ) ಸಿಟಿ: ಸ್ಕೋರ್ ಸೊನ್ನೆ, ಎಪಿಕಾರ್ಡಿಯಲ್ (ಹೃದಯಕ್ಕೆ ಅಂಟಿದ) ಕೊಬ್ಬು 148 ಎಂಎಲ್, ನೀರು ಇಲ್ಲ. ಎದೆ ಹಿಡಿಯುವುದು ನಿಲ್ಲದ ಕಾರಣ ಐದು ವಾರ ಬಿಟ್ಟು ಬೇರೆ ಸೆಂಟರಿನಲ್ಲಿ ಸಿಟಿ ಆಂಜಿಯೋ ಮಾಡಿಸಿದ್ದು ಮೂರನೆಯದು: ಎಲ್‌ಎಡಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) ಶುರುವಿನಲ್ಲಿ ಕ್ಯಾಲ್ಸಿಯಂ ಇಲ್ಲದ ಮೆತ್ತನೆಯ ಪ್ಲಾಕ್ (ನಾಳದ ಗೋಡೆಯಲ್ಲಿ ಸೇರಿದ ಜಿಡ್ಡು), 30% ಕಿರಿದು, ಎಪಿಕಾರ್ಡಿಯಲ್ ಕೊಬ್ಬು 118 ಎಂಎಲ್.

ಈ ಐದು ವಾರದಲ್ಲಿ ಅವರು ಅನ್ನ ಕಡಿಮೆ ಮಾಡಿ 2 ಕೆ.ಜಿ. ಇಳಿದಿದ್ದಾರೆ. 30 ಎಂಎಲ್ ಕೊಬ್ಬು ಕರಗಿತು ಎಂಬ ಖುಷಿಯಲ್ಲಿದ್ದಾರೆ, ಇನ್ನು ಮಾತ್ರೆ ಯಾಕೆ ಎನ್ನುತ್ತಿದ್ದಾರೆ. ಮಗ ಇಂಟರ್ನೆಟ್‌ನಲ್ಲಿ ಫ್ಯಾಟ್ ಅಟೆನ್ಯುಯೇಷನ್ ಇಂಡೆಕ್ಸ್ (ನಾಳದ ಪಕ್ಕದ ಕೊಬ್ಬಿನ ಸ್ಥಿತಿ ಅಳೆಯುವ ಸಿಟಿ ಸಂಖ್ಯೆ) ಬಗ್ಗೆ ಓದಿ, ಅದನ್ನೂ ಮಾಡಿಸೋಣವೇ ಎಂದು ಕೇಳುತ್ತಿದ್ದಾನೆ.

148 ನಿಜವೋ 118 ನಿಜವೋ? ಎಕೋದಲ್ಲಿ ಕಂಡ ನೀರು ಎಲ್ಲಿ ಹೋಯಿತು? ಕ್ಯಾಲ್ಸಿಯಂ ಸೊನ್ನೆ ಇದ್ದೂ ಪ್ಲಾಕ್ ಇದೆಯೆಂದರೆ ಈ ಕೊಬ್ಬಿನ ಪಾತ್ರವೇನು, ಚಿಕಿತ್ಸೆಯಲ್ಲಿ ಅದರಿಂದ ಏನಾದರೂ ಬದಲಾಗುತ್ತದೆಯೇ?

ಬಳ್ಳಾರಿ ರೇಡಿಯಾಲಜಿ

ಸರ್, ಮೊದಲು 148 ಮತ್ತು 118ರ ವಿಷಯ ಇತ್ಯರ್ಥ ಮಾಡೋಣ, ಏಕೆಂದರೆ ಅದನ್ನು ನಂಬಿ ಅವರು ಮಾತ್ರೆ ಬಿಡುವ ಮಾತಾಡುತ್ತಿದ್ದಾರೆ. ಈ ಎರಡು ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಮೊದಲನೆಯದು ಕಾಂಟ್ರಾಸ್ಟ್ (ನಾಳಗಳು ಬೆಳ್ಳಗೆ ಕಾಣಲು ಕೊಡುವ ಅಯೋಡಿನ್ ದ್ರವ) ಇಲ್ಲದ ಸ್ಕ್ಯಾನ್, ಎರಡನೆಯದು ಕಾಂಟ್ರಾಸ್ಟ್ ಕೊಟ್ಟದ್ದು.

ಸಿಟಿಯಲ್ಲಿ ನೀರಿನ ಸಾಂದ್ರತೆ 0 ಹೌನ್ಸ್‌ಫೀಲ್ಡ್, ಗಾಳಿ −1000, ಕೊಬ್ಬು ಸುಮಾರು −100ರ ಆಸುಪಾಸು. ಪೆರಿಕಾರ್ಡಿಯಂ (ಹೃದಯದ ಸುತ್ತಿನ) ಚೀಲದ ಒಳಗೆ −190ರಿಂದ −30ರ ನಡುವೆ ಬರುವ ಎಲ್ಲ ಚುಕ್ಕೆಗಳನ್ನೂ ಸಾಫ್ಟ್‌ವೇರ್ ಎಣಿಸಿ ಎಂಎಲ್‌ಗೆ ಪರಿವರ್ತಿಸುತ್ತದೆ, ಅಷ್ಟೇ. ಕಾಂಟ್ರಾಸ್ಟ್ ಹೋದ ಮೇಲೆ ಕೊಬ್ಬಿನೊಳಗಿನ ಸಣ್ಣ ರಕ್ತನಾಳಗಳಿಗೂ ಅಯೋಡಿನ್ ಸೇರುತ್ತದೆ, ಕೊಬ್ಬಿನ ಸಾಂದ್ರತೆ ಸ್ವಲ್ಪ ಮೇಲೇರುತ್ತದೆ. ಜೊತೆಗೆ ಹೃದಯದ ಸ್ನಾಯು, ಕೊರೊನರಿ (ಹೃದಯಕ್ಕೆ ರಕ್ತ ಒಯ್ಯುವ ನಾಳಗಳು) ಎಲ್ಲ ಬೆಳ್ಳಗೆ ಹೊಳೆಯುವುದರಿಂದ ಅವುಗಳ ಅಂಚಿನಲ್ಲಿ ಅರ್ಧ ಕೊಬ್ಬು, ಅರ್ಧ ಸ್ನಾಯು ಇರುವ ಚುಕ್ಕೆಗಳು −30ರ ಗಡಿ ದಾಟಿ ಎಣಿಕೆಯಿಂದ ಹೊರಬೀಳುತ್ತವೆ. ಅದೇ ಮಿತಿ ಇಟ್ಟುಕೊಂಡು ಅಳೆದರೆ ಅದೇ ಹೃದಯ, ಅದೇ ದಿನ, ಆಂಜಿಯೋದಲ್ಲಿ ಕೊಬ್ಬು ಕಡಿಮೆ ಬರುತ್ತದೆ. ಅದಕ್ಕೇ ಕೆಲವರು ಕಾಂಟ್ರಾಸ್ಟ್ ಸ್ಕ್ಯಾನ್‌ನಲ್ಲಿ ಮೇಲಿನ ಮಿತಿಯನ್ನು −15ಕ್ಕೋ −3ಕ್ಕೋ ಏರಿಸಿಕೊಳ್ಳುತ್ತಾರೆ. ಎರಡನೇ ಸೆಂಟರ್ ಯಾವ ಮಿತಿ ಬಳಸಿತು ಎಂದು ರಿಪೋರ್ಟ್‌ನಲ್ಲಿ ಬರೆದಿರದಿದ್ದರೆ ಕೇಳಿ ತಿಳಿಯಿರಿ. ಐದು ವಾರದಲ್ಲಿ 2 ಕೆ.ಜಿ. ಇಳಿದದ್ದು ಒಳ್ಳೆಯದೇ, ಹೃದಯದ ಕೊಬ್ಬೂ ತುಸು ಇಳಿದಿರಬಹುದು. ಆದರೆ ಈ ಎರಡು ಚಿತ್ರಗಳು ಅದಕ್ಕೆ ಸಾಕ್ಷಿ ಹೇಳಲಾರವು.

ಇನ್ನೊಂದು ಜಾಗದಲ್ಲೂ ಲೆಕ್ಕ ತಪ್ಪುತ್ತದೆ. ಎಪಿಕಾರ್ಡಿಯಲ್ ಕೊಬ್ಬು ಎಂದರೆ ಹೃದಯದ ಸ್ನಾಯುವಿಗೂ ಪೆರಿಕಾರ್ಡಿಯಂನ ಒಳಪದರಕ್ಕೂ ನಡುವೆ ಇರುವುದು. ಚೀಲದ ಹೊರಗೆ, ಡಯಾಫ್ರಮ್‌ ಮೇಲೆ, ಎದೆಮೂಳೆಯ ಹಿಂದೆ ಗುಡ್ಡೆಯಾಗಿ ಕೂತಿರುವುದು ಪ್ಯಾರಾಕಾರ್ಡಿಯಲ್ ಕೊಬ್ಬು. ಒಳಗಿನದಕ್ಕೆ ರಕ್ತ ಬರುವುದು ಕೊರೊನರಿಯ ಕವಲುಗಳಿಂದಲೇ, ಹೊರಗಿನದಕ್ಕೆ ಎದೆಗೋಡೆಯ ಕಡೆಯ ನಾಳಗಳಿಂದ. ಭ್ರೂಣದಲ್ಲಿ ಇವು ಹುಟ್ಟುವ ಮೂಲವೂ ಬೇರೆ. ಎರಡನ್ನೂ ಕೂಡಿಸಿ ಪೆರಿಕಾರ್ಡಿಯಲ್ ಕೊಬ್ಬು ಎಂದು ಅಳೆದ ದೊಡ್ಡ ಅಧ್ಯಯನಗಳೂ ಇವೆ, ಅಮೆರಿಕದ ಮೆಸಾ ಅಧ್ಯಯನ ಹಾಗೇ ಮಾಡಿತು. ಆದ್ದರಿಂದ ಚೀಲದ ಗೆರೆಯನ್ನು ಒಂದು ಸೆಂಟರ್‌ನವರು ಹೊರಗೆ ಎಳೆದು, ಇನ್ನೊಂದು ಸೆಂಟರ್‌ನವರು ಒಳಗೆ ಎಳೆದಿದ್ದರೆ 30 ಎಂಎಲ್ ವ್ಯತ್ಯಾಸ ಬರಲು ಬೇರೆ ಕಾರಣವೇ ಬೇಡ.

ಎರಡು ಸ್ಕ್ಯಾನ್‌ಗಳ ಡೈಕಾಮ್ (ಮೂಲ ಚಿತ್ರಗಳ) ಸಿಡಿ ಸಿಕ್ಕರೆ ನೀವೇ ಅಳೆದು ನೋಡಬಹುದು. 3ಡಿ ಸ್ಲೈಸರ್ ಉಚಿತ ಸಾಫ್ಟ್‌ವೇರ್. ಸೆಗ್ಮೆಂಟ್ ಎಡಿಟರ್ ತೆರೆದು ಮೇಲೆ ಪಲ್ಮನರಿ ಆರ್ಟರಿ ಎರಡಾಗಿ ಕವಲೊಡೆಯುವ ಸ್ಲೈಸ್‌ನಿಂದ ಹಿಡಿದು, ಕೆಳಗೆ ಪೆರಿಕಾರ್ಡಿಯಂ ಕಾಣುವ ಕೊನೆಯ ಸ್ಲೈಸ್‌ವರೆಗೆ, ಮೂರು ನಾಲ್ಕು ಸ್ಲೈಸ್‌ಗೊಂದರಂತೆ ಚೀಲದ ಒಳಬದಿಗೆ ಗೆರೆ ಎಳೆಯಿರಿ. ನಡುವಿನವನ್ನು ‘ಫಿಲ್ ಬಿಟ್ವೀನ್ ಸ್ಲೈಸಸ್’ ತುಂಬುತ್ತದೆ. ತುಂಬಿದ ಮೇಲೆ ಒಂದೊಂದೇ ಸ್ಲೈಸ್ ಸರಿಸಿ ನೋಡಿ, ಏಕೆಂದರೆ ಅದು ತುಂಬುವುದು ಅಂದಾಜಿನ ಮೇಲೆ, ಡಯಾಫ್ರಮ್‌ ಹತ್ತಿರ ಆಗಾಗ ಹೊರಗಿನ ಕೊಬ್ಬಿಗೆ ಹರಿದುಬಿಡುತ್ತದೆ. ಆಮೇಲೆ ಈ ಚೀಲದ ಒಳಗಷ್ಟೇ −190ರಿಂದ −30ರ ಥ್ರೆಶೋಲ್ಡ್ ಹಾಕಿ ಹೊಸ ಸೆಗ್ಮೆಂಟ್ ಮಾಡಿ. ಸೆಗ್ಮೆಂಟ್ ಸ್ಟಾಟಿಸ್ಟಿಕ್ಸ್‌ನಲ್ಲಿ ಗಾತ್ರವೂ ಸರಾಸರಿ ಹೌನ್ಸ್‌ಫೀಲ್ಡೂ ಸಿಗುತ್ತವೆ. ಪೆರಿಕಾರ್ಡಿಯಂ 1ರಿಂದ 2 ಮಿ.ಮೀ. ತೆಳುಗೆರೆ. ಬಲ ಕುಹರದ ಮುಂದೆ ಎರಡು ಕಡೆಯೂ ಕೊಬ್ಬಿರುವುದರಿಂದ ಅಲ್ಲಿ ಚೆನ್ನಾಗಿ ಕಾಣುತ್ತದೆ. ಎಡ ಕುಹರದ ಹೊರಗೋಡೆಯಲ್ಲಿ, ಅದರಲ್ಲೂ ತೆಳ್ಳಗಿನವರಲ್ಲಿ, ಶ್ವಾಸಕೋಶಕ್ಕೆ ಅಂಟಿಕೊಂಡು ಕಾಣೆಯಾಗುತ್ತದೆ. ತಪ್ಪು ಹೆಚ್ಚು ಆಗುವುದೂ ಅಲ್ಲೇ.

148 ಜಾಸ್ತಿಯೇ ಎಂದರೆ, ಹೌದು. 125 ಎಂಎಲ್ ಎಂಬ ಗಡಿ ಹಲವು ಅಧ್ಯಯನಗಳಲ್ಲಿ ಬಳಕೆಯಲ್ಲಿದೆ. ಆದರೆ ಅದು ನಮ್ಮ ಜನರ ಮೈಕಟ್ಟಿಗೆಂದು ಗೊತ್ತು ಮಾಡಿದ ಗಡಿಯಲ್ಲ. ಆರೋಗ್ಯವಂತ ಹೃದಯದಲ್ಲೂ ಈ ಕೊಬ್ಬು ಇದ್ದೇ ಇರುತ್ತದೆ, ಹೃದಯದ ತೂಕದ ಸುಮಾರು ಐದನೇ ಒಂದು ಭಾಗ ಅದೇ. ಸ್ನಾಯುವಿಗೆ ಬೇಕಾದ ಕೊಬ್ಬಿನಾಮ್ಲ ಒದಗಿಸುವುದು, ಕೊರೊನರಿಗೆ ಮೆತ್ತೆಯಾಗುವುದು ಅದರ ಸಹಜ ಕೆಲಸ.

ರಾಯಚೂರು ಎಕೋ ಲ್ಯಾಬ್

ಆ ‘ನೀರು’ ಎಲ್ಲೂ ಹೋಗಿಲ್ಲ ಸರ್, ಅದು ಮೊದಲಿನಿಂದಲೂ ಕೊಬ್ಬೇ ಆಗಿತ್ತು ಅನ್ನಿಸುತ್ತದೆ. ಎಕೋದಲ್ಲಿ ಬಲ ಕುಹರದ ಮುಂದೆ ಮಾತ್ರ ಕಪ್ಪು ಜಾಗ ಕಂಡು, ಎಡ ಕುಹರದ ಹಿಂದೆ ಏನೂ ಇಲ್ಲದಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೊಬ್ಬನ್ನು. ಮಲಗಿದ ಮನುಷ್ಯನಲ್ಲಿ ಸ್ವಲ್ಪವೇ ನೀರಿದ್ದರೆ ಅದು ಮೊದಲು ಹಿಂಭಾಗದಲ್ಲಿ ಸೇರುತ್ತದೆ. ಹಿಂದೆ ಬಿಟ್ಟು ಮುಂದೆ ಮಾತ್ರ ನಿಲ್ಲಬೇಕಾದರೆ ಆಪರೇಷನ್ ಆಗಿ ಅಂಟು ಕಟ್ಟಿರುವಂಥ ಕಾರಣ ಇರಬೇಕು.

ಕ್ಲಿಪ್ ಇದ್ದರೆ ಮೂರು ವಿಷಯ ನೋಡಿ. ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್‌ನಲ್ಲಿ (ಎದೆಮೂಳೆಯ ಪಕ್ಕದಿಂದ ಹೃದಯವನ್ನು ಉದ್ದಕ್ಕೆ ನೋಡುವಾಗ) ಎಡ ಕುಹರದ ಹಿಂದೆ, ಇಳಿಯುವ ಮಹಾಪಧಮನಿಯ ಮುಂದೆ, ಕಪ್ಪು ಪಟ್ಟಿ ಇದೆಯೇ. ಮುಂದಿನ ಜಾಗ ಪೂರ್ತಿ ಕಪ್ಪೋ, ಒಳಗೆ ಸಣ್ಣ ಸಣ್ಣ ಬೂದು ಕಾಳುಗಳಿವೆಯೋ. ಗೇನ್ (ಚಿತ್ರದ ಹೊಳಪು) ಸ್ವಲ್ಪ ಏರಿಸಿದರೆ ಕೊಬ್ಬಿನಲ್ಲಿ ಈ ಕಾಳು ಎದ್ದು ಕಾಣುತ್ತದೆ, ನೀರು ಕಪ್ಪಾಗಿಯೇ ಉಳಿಯುತ್ತದೆ. ಗೇನ್ ತೀರಾ ಇಳಿಸಿ ನೋಡಿದರೆ ಕೊಬ್ಬೂ ನೀರಿನಂತೆ ಕಾಣುತ್ತದೆ, ಎಷ್ಟೋ ತಪ್ಪು ರಿಪೋರ್ಟ್‌ಗಳ ಮೂಲ ಇದೇ. ಕಡೆಯದಾಗಿ, ಆ ಜಾಗ ಹೃದಯದ ಜೊತೆಗೇ ಕುಗ್ಗಿ ಹಿಗ್ಗಿ ಓಡಾಡುತ್ತದೆಯೇ ನೋಡಿ. ಕೊಬ್ಬು ಸ್ನಾಯುವಿಗೆ ಅಂಟಿಕೊಂಡಿರುವುದರಿಂದ ಅದರೊಂದಿಗೇ ಚಲಿಸುತ್ತದೆ. ಆಮೇಲೂ ಅನುಮಾನ ಉಳಿದರೆ ಸಬ್‌ಕಾಸ್ಟಲ್ (ಪಕ್ಕೆಲುಬಿನ ಕೆಳಗಿನಿಂದ) ವ್ಯೂ ತೆಗೆಯಿರಿ. ನಿಮ್ಮಲ್ಲಿ ಸಿಟಿಯೇ ಇದೆ: ನೀರಾದರೆ 0ರಿಂದ 20 ಹೌನ್ಸ್‌ಫೀಲ್ಡ್ ಬರುತ್ತದೆ, ಕೊಬ್ಬಾದರೆ −100ರ ಹತ್ತಿರ. ಅಲ್ಲಿಗೆ ವಾದ ಮುಗಿಯಿತು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಹೃದಯದ ಸುತ್ತ ನೀರು ಎಂದು ಕಾಗದದ ಮೇಲೆ ಬಂದ ಕೂಡಲೇ ಟಿಬಿ ಯೋಚನೆ ಬರುತ್ತದೆ, ಬರಬೇಕಾದ್ದೇ. ಆದರೆ ಬರೀ ಮುಂಭಾಗದ ಕೊಬ್ಬನ್ನು ನೀರೆಂದು ಬರೆದರೆ ಆ ರೋಗಿ ಆರು ತಿಂಗಳು ಟಿಬಿ ಮಾತ್ರೆ ನುಂಗುವ ಪ್ರಸಂಗ ಬರಬಹುದು, ಸೂಜಿ ಹಾಕುವ ಮಾತೂ ಬರಬಹುದು. ಅನುಮಾನ ಇದ್ದಾಗ ‘ಮುಂಭಾಗದಲ್ಲಿ ಎಪಿಕಾರ್ಡಿಯಲ್ ಕೊಬ್ಬು ಇರುವ ಸಾಧ್ಯತೆ, ಹಿಂಭಾಗದಲ್ಲಿ ನೀರಿಲ್ಲ’ ಎಂದು ಬರೆಯುವುದು ಕ್ಷೇಮ.

ಎಕೋದಲ್ಲಿ ಕೊಬ್ಬಿನ ದಪ್ಪ ಅಳೆಯುವ ಕ್ರಮವನ್ನು 2003ರಲ್ಲಿ ಇಯಾಕೊಬೆಲ್ಲಿಸ್ ತಂಡ ವಿವರಿಸಿತು, ಈಗಲೂ ಅದೇ ನಡೆಯುತ್ತದೆ. ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್‌ನಲ್ಲಿ, ಅಯೋರ್ಟಿಕ್ ಆನ್ಯುಲಸ್‌ಗೆ (ಮಹಾಪಧಮನಿ ಕವಾಟದ ಬುಡದ ಉಂಗುರ) ನೇರವಾಗಿ ಗೆರೆ ಹಿಡಿದು, ಬಲ ಕುಹರದ ಮುಂಗೋಡೆಯ ಮೇಲೆ, ಸಿಸ್ಟೊಲ್ (ಹೃದಯ ಕುಗ್ಗುವ ಘಟ್ಟ) ಕೊನೆಯಲ್ಲಿ, ಮೂರು ಬಡಿತಗಳ ಸರಾಸರಿ. ಡಯಾಸ್ಟೊಲ್‌ನಲ್ಲಿ ಹೃದಯ ಹಿಗ್ಗಿ ಕೊಬ್ಬು ಒತ್ತಿಕೊಂಡು ತೆಳ್ಳಗೆ ಕಾಣುತ್ತದೆ. ಹಾಗಾಗಿ ಯಾವ ಘಟ್ಟದಲ್ಲಿ ಅಳೆದದ್ದು ಎಂದು ಬರೆಯದ 7 ಮಿ.ಮೀ.ಗೆ ಅರ್ಥವಿಲ್ಲ. ಡೆಪ್ತ್ ಕಡಿಮೆ ಮಾಡಿ, ಫೋಕಸ್ ಮೇಲೆ ತಂದು, ಜೂಮ್ ಹಾಕಿ ಅಳೆಯಬೇಕು. ಪ್ರೋಬ್ ಓರೆಯಾದರೆ ದಪ್ಪ ಜಾಸ್ತಿ ಬರುತ್ತದೆ. ಕೊಬ್ಬು ತೀರಾ ದಪ್ಪಗಿದ್ದರೆ, 15 ಮಿ.ಮೀ. ದಾಟಿದರೆ, ಕಪ್ಪಾಗಿರದೆ ಬೆಳ್ಳಗೇ ಕಾಣುತ್ತದೆ, ಅದನ್ನು ನೋಡಿ ಗಡ್ಡೆ ಎಂದು ಗಾಬರಿಯಾಗಬಾರದು. ಎಕೋ ಅಳೆಯುವುದು ಒಂದು ಬಿಂದುವಿನ ದಪ್ಪ ಮಾತ್ರ. ಕೊರೊನರಿ ಹಾಯುವ ತೋಡುಗಳಲ್ಲಿ ಎಷ್ಟಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಗಂಗಾವತಿ ಫಿಜಿಶಿಯನ್

ತುಂಬಾ ಉಪಕಾರವಾಯಿತು. ಎಕೋ ಕ್ಲಿಪ್ ತರಿಸಿ ನೋಡಿದೆ. ಹಿಂಭಾಗದಲ್ಲಿ ಏನೂ ಇಲ್ಲ, ಮುಂಭಾಗದ ಜಾಗ ಹೃದಯದೊಂದಿಗೇ ಚಲಿಸುತ್ತಿದೆ. ಸಿಟಿಯಲ್ಲಿ ಅದೇ ಜಾಗ −96. ಆಂಜಿಯೋ ಸೆಂಟರ್‌ನವರು −30ರ ಮಿತಿಯನ್ನೇ ಬಳಸಿದ್ದಾರಂತೆ. ಇನ್ನು ಉಳಿದದ್ದು ಕ್ಯಾಲ್ಸಿಯಂ ಸೊನ್ನೆ, ಪ್ಲಾಕ್, ಚಿಕಿತ್ಸೆ ಮತ್ತು ಮಗನ ಪ್ರಶ್ನೆ.

ಕಾರ್ಡಿಯಾಲಜಿ, ಬಳ್ಳಾರಿ

ಅಗಾಟ್‌ಸ್ಟನ್ ಸ್ಕೋರ್, ಅಂದರೆ ಈ ಕ್ಯಾಲ್ಸಿಯಂ ಸ್ಕೋರ್, ಎಣಿಸುವುದು 130 ಹೌನ್ಸ್‌ಫೀಲ್ಡ್ ಮತ್ತು ಅದಕ್ಕಿಂತ ಹೆಚ್ಚಿನ ಕ್ಯಾಲ್ಸಿಯಂ ಮಾತ್ರ. ಪ್ಲಾಕ್ ಹುಟ್ಟಿದ ಕೂಡಲೇ ಗಟ್ಟಿಯಾಗುವುದಿಲ್ಲ. ಮೆತ್ತನೆಯ ಪ್ಲಾಕ್ ಈ ಎಣಿಕೆಗೆ ಸಿಗುವುದೇ ಇಲ್ಲ. ಲಕ್ಷಣವಿಲ್ಲದ, ಶುಗರ್ ಇಲ್ಲದ ಮನುಷ್ಯನಲ್ಲಿ ಸೊನ್ನೆ ಬಂದರೆ ಅದು ನಿಜಕ್ಕೂ ಸಮಾಧಾನದ ಸುದ್ದಿ. ಶುಗರ್ ಇದ್ದು, ನಡೆದಾಗ ಎದೆ ಹಿಡಿಯುವವರಲ್ಲಿ ಸೊನ್ನೆಯನ್ನು ನಂಬಿ ಕೂರಬಾರದು. ನೀವು ಆಂಜಿಯೋಗೆ ಕಳಿಸಿದ್ದು ಸರಿಯಾದ ತೀರ್ಮಾನ.

30% ಎಂದರೆ ಕ್ಯಾಡ್-ರಾಡ್ಸ್ (ಸಿಟಿ ಆಂಜಿಯೋದ ದರ್ಜೆ) 2, ಅಂದರೆ 25ರಿಂದ 49%ರ ನಡುವಿನದು. ಸ್ಟೆಂಟ್ ಬೇಡ, ಕೈಯ ನಾಳದಿಂದ ಟ್ಯೂಬ್ ಹಾಕಿ ಮಾಡುವ ಆಂಜಿಯೋ ಸಹ ಸದ್ಯ ಬೇಡ. ಆದರೆ ಮಾತ್ರೆ ಬೇಕೇ ಬೇಕು. ಕೊಬ್ಬು 148 ಇರಲಿ, 118 ಇರಲಿ, 80 ಇರಲಿ, ಶುಗರ್ ಇರುವ 52ರ ವ್ಯಕ್ತಿಗೆ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕು. ಈಗ ಪ್ಲಾಕ್ ಕಣ್ಣಿಗೆ ಕಂಡಿರುವುದರಿಂದ ಎಲ್‌ಡಿಎಲ್ 70ರ ಕೆಳಗಿರಬೇಕು. 128ರಿಂದ 70ಕ್ಕೆ ಇಳಿಸಲು ಹೆಚ್ಚುಕಮ್ಮಿ ಅರ್ಧದಷ್ಟು ಕಡಿತ ಬೇಕು, ಅದಕ್ಕೆ ಅಟೊರ್ವಾಸ್ಟಾಟಿನ್ 10 ಸಾಲದು. ಅಟೊರ್ವಾ 40 ಅಥವಾ ರೋಸುವಾ 20 ಕೊಟ್ಟು ಆರರಿಂದ ಎಂಟು ವಾರಕ್ಕೆ ಲಿಪಿಡ್ ನೋಡಿ, ಇಳಿಯದಿದ್ದರೆ ಎಜೆಟಿಮೈಬ್ 10 ಸೇರಿಸಿ. ಆಸ್ಪಿರಿನ್ ಕೊಡಬೇಕೇ ಎಂಬುದನ್ನು ಹೊಟ್ಟೆ ಹುಣ್ಣು, ರಕ್ತಸ್ರಾವದ ಅಪಾಯ ತೂಗಿ ತೀರ್ಮಾನಿಸಿ.

ನನಗೆ ಹೆಚ್ಚು ಯೋಚನೆ ಹತ್ತಿಸಿದ್ದು ಅವರ ಲಕ್ಷಣ. ಹತ್ತಿದರೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಇದು ಆಂಜೈನಾದ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿನ, ಲಕ್ಷಣವೇ. 30% ಕಿರಿದಾದ ನಾಳ ಸಾಮಾನ್ಯವಾಗಿ ಇಷ್ಟು ಮಾಡುವುದಿಲ್ಲ. ಸಿಟಿಯಲ್ಲಿ ಕಾಣದ ಸಣ್ಣ ನಾಳಗಳು ಹಿಗ್ಗದಿರುವ ತೊಂದರೆ ಶುಗರ್ ಇರುವವರಲ್ಲಿ ಹೆಚ್ಚು. ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಅಥವಾ ಸ್ಟ್ರೆಸ್ ಎಕೋ ಮಾಡಿಸಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿ, ಬೀಟಾ ಬ್ಲಾಕರ್ ಶುರು ಮಾಡಿ. ಕೊಬ್ಬಿನ ಸಂಖ್ಯೆಯ ಚರ್ಚೆಯಲ್ಲಿ ಇದು ಮರೆತುಹೋಗಬಾರದು.

ಇನ್ನು ಕೊಬ್ಬಿನ ಪಾತ್ರ. ಎಪಿಕಾರ್ಡಿಯಲ್ ಕೊಬ್ಬಿಗೂ ಕೊರೊನರಿಗೂ ನಡುವೆ ಯಾವ ಪೊರೆಯೂ ಇಲ್ಲ. ಬೊಜ್ಜು, ಶುಗರ್ ಇರುವವರಲ್ಲಿ ಈ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು, ಐಎಲ್-6, ಟಿಎನ್‌ಎಫ್ ಆಲ್ಫಾ, ಎಂಸಿಪಿ-1 ಇಂಥವನ್ನು, ಸುರಿಸಲು ಶುರು ಮಾಡುತ್ತದೆ. ಕಾಪಾಡುವ ಅಡಿಪೊನೆಕ್ಟಿನ್ ಕಡಿಮೆಯಾಗುತ್ತದೆ. 2003ರಲ್ಲಿ ಮಾಜುರೆಕ್ ತಂಡ ಬೈಪಾಸ್ ಆಪರೇಷನ್ ಆಗುತ್ತಿದ್ದವರ ಹೃದಯದ ಕೊಬ್ಬನ್ನೂ ಕಾಲಿನ ಚರ್ಮದಡಿಯ ಕೊಬ್ಬನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿತು. ಹೃದಯದ್ದರಲ್ಲಿ ಉರಿಯೂತ ಹೆಚ್ಚಿತ್ತು. ಎಲ್‌ಎಡಿ ಸ್ನಾಯುವಿನೊಳಗೆ ಮುಳುಗಿ ಹಾಯುವ ಸೇತುವೆ ಭಾಗದಲ್ಲಿ, ಅಂದರೆ ಸುತ್ತ ಕೊಬ್ಬಿಲ್ಲದ ಕಡೆ, ಪ್ಲಾಕ್ ಅಪರೂಪ ಎಂಬುದೂ ಹಳೆಯ ಅವಲೋಕನ. ಅದಕ್ಕೆ ರಕ್ತದ ಹರಿವಿನ ಕಾರಣವೂ ಇದೆ, ಪೂರ್ತಿ ಕೊಬ್ಬಿನ ಲೆಕ್ಕಕ್ಕೇ ಬರೆಯುವಂತಿಲ್ಲ. ಜರ್ಮನಿಯ ಹೈಂಜ್ ನಿಕ್ಸ್‌ಡಾರ್ಫ್ ಅಧ್ಯಯನದಲ್ಲಿ ಹೆಚ್ಚು ಎಪಿಕಾರ್ಡಿಯಲ್ ಕೊಬ್ಬಿದ್ದವರಿಗೆ ಮುಂದೆ ಹೃದಯಾಘಾತ ಹೆಚ್ಚಾಗಿದ್ದು ಕಂಡಿತು, ಬಿಪಿ ಶುಗರ್ ಲೆಕ್ಕ ಹಿಡಿದ ಮೇಲೂ.

ಮಗ ಕೇಳಿದ ಇಂಡೆಕ್ಸ್ ಇದಕ್ಕಿಂತ ಬೇರೆ. ಕೊಬ್ಬು ಎಷ್ಟಿದೆ ಎಂಬುದನ್ನಲ್ಲ, ಕೊರೊನರಿಗೆ ತಾಗಿದ ಕೊಬ್ಬು ಹೇಗಿದೆ ಎಂಬುದನ್ನು ಅದು ಅಳೆಯುತ್ತದೆ. ನಾಳದಲ್ಲಿ ಉರಿಯೂತ ಇದ್ದರೆ ಪಕ್ಕದ ಕೊಬ್ಬಿನ ಕಣಗಳು ಬಲಿಯುವುದಿಲ್ಲ, ಅವುಗಳಲ್ಲಿ ಕೊಬ್ಬಿನಂಶ ಕಡಿಮೆಯಾಗಿ ನೀರಿನಂಶ ಏರುತ್ತದೆ. ಆಗ ಹೌನ್ಸ್‌ಫೀಲ್ಡ್ −100ರ ಕಡೆಯಿಂದ −70ರ ಕಡೆಗೆ ಸರಿಯುತ್ತದೆ. ಬಲ ಕೊರೊನರಿಯ ಬುಡದಿಂದ 10 ಮಿ.ಮೀ. ಬಿಟ್ಟು 50 ಮಿ.ಮೀ.ವರೆಗೆ, ನಾಳದ ವ್ಯಾಸದಷ್ಟೇ ಅಗಲದ ಸುತ್ತುಪಟ್ಟಿಯಲ್ಲಿ ಅಳೆಯುತ್ತಾರೆ. 2018ರಲ್ಲಿ ಲಾನ್ಸೆಟ್‌ನಲ್ಲಿ ಬಂದ ಕ್ರಿಸ್ಪ್-ಸಿಟಿ ಅಧ್ಯಯನದಲ್ಲಿ −70.1ಕ್ಕಿಂತ ಮೇಲಿದ್ದವರಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚಿತ್ತು.

ಆದರೆ ಆ ಸಂಖ್ಯೆಯನ್ನು ಕೈಯಲ್ಲಿ ಗೆರೆ ಎಳೆದು ಹುಡುಕಬೇಡಿ. ಟ್ಯೂಬ್ ವೋಲ್ಟೇಜ್ 120ರಿಂದ 100 ಕೆವಿಗೆ ಇಳಿದರೆ ಕೊಬ್ಬಿನ ಹೌನ್ಸ್‌ಫೀಲ್ಡ್ ತಾನಾಗಿಯೇ ಇನ್ನಷ್ಟು ಕೆಳಗೆ ಹೋಗುತ್ತದೆ. ಅದನ್ನು ಸರಿಪಡಿಸದೆ −70.1ರ ಗಡಿ ಹಚ್ಚಿದರೆ ಉರಿಯೂತ ಇರುವವರೂ ಸರಿಯಿದ್ದಾರೆ ಎಂದು ಬರುತ್ತದೆ. ನಾಳ ಅಲುಗಿ ಮಸುಕಾಗಿದ್ದರೆ ಕಾಂಟ್ರಾಸ್ಟ್‌ನ ಬಿಳುಪು ಕೊಬ್ಬಿನ ಮೇಲೆ ಚೆಲ್ಲಿ ಸುಳ್ಳು ಉರಿಯೂತ ತೋರಿಸುತ್ತದೆ. ಈ ರೋಗಿಗೆ ಅದು ಬಂದರೂ ಕೊಡುವ ಔಷಧ ಬದಲಾಗುವುದಿಲ್ಲ. ಮಗನಿಗೆ ಹಾಗೇ ನೇರವಾಗಿ ಹೇಳಬಹುದು.

ಕೊಪ್ಪಳ ಸಿಟಿ ಟೆಕ್ನಿಷಿಯನ್

ಡಾಕ್ಟರ್ ಸಾಹೇಬರೆಲ್ಲಾ ಅರ್ಥ ಹೇಳ್ಯಾರ, ನಾನು ಮಷೀನ್ ಕಡೀದು ನಾಲ್ಕು ಮಾತು ಹೇಳ್ತೀನ್ರಿ. ಕೊಬ್ಬಿನ ಲೆಕ್ಕ ಕೆಡೋದು ಬಾಳ ಸಲ ರಿಪೋರ್ಟಿಂಗ್ ರೂಮಿನ್ಯಾಗ ಅಲ್ಲ, ಸ್ಕ್ಯಾನ್ ರೂಮಿನ್ಯಾಗ.

ಕ್ಯಾಲ್ಸಿಯಂ ಸ್ಕೋರ್ 120 ಕೆವಿ, 3 ಮಿ.ಮೀ. ಸ್ಲೈಸ್, ಇಸಿಜಿ ಟ್ರಿಗರ್ ಹಾಕಿ (ಹೃದಯದ ಬಡಿತಕ್ಕ ಹೊಂದಿಸಿ) ಮಾಡ್ತೀವಿ. ಹೃದಯ ಅಷ್ಟೇ ಬೇಕಂತ ಫೀಲ್ಡ್ ಆಫ್ ವ್ಯೂ ಬಾಳ ಸಣ್ಣದು ಇಟ್ರ ಎಡಗಡೆ ಏಪೆಕ್ಸ್ (ಹೃದಯದ ತುದಿ) ಹತ್ರ ಪೆರಿಕಾರ್ಡಿಯಂ ಅಂಚು ಕತ್ತರಿಸಿ ಹೋಗ್ತೈತಿ. ಕ್ಯಾಲ್ಸಿಯಂ ಎಣಿಸಾಕ ಅದ್ರಿಂದ ತೊಂದ್ರಿ ಇಲ್ಲ, ಕೊಬ್ಬಿನ ಲೆಕ್ಕ ಮಾತ್ರ ಕೆಟ್ಟು ಹೋಗ್ತೈತಿ. ರಾ ಡೇಟಾ ಇದ್ರ ದೊಡ್ಡ ಫೀಲ್ಡ್ ಇಟ್ಟು ಮತ್ತ ರಿಕನ್‌ಸ್ಟ್ರಕ್ಟ್ ಮಾಡಬಹುದು. ಆದ್ರ ಮಷೀನ್ ಡಿಸ್ಕ್ ತುಂಬಿದಂಗ ರಾ ಡೇಟಾ ಅಳಿಸಿ ಹೋಗ್ತೈತಿ, ಅದಕ್ಕ ಬೇಕಂದ್ರ ಆವತ್ತೇ ಕೇಳ್ರಿ. ಶಾರ್ಪ್ ಕರ್ನಲ್ (ಚಿತ್ರದ ಅಂಚು ಚೂಪು ಮಾಡೋ ಸೆಟ್ಟಿಂಗ್) ಹಾಕಬ್ಯಾಡ್ರಿ, ನಾಯ್ಸ್ ಜಾಸ್ತಿಯಾಗಿ ಕೊಬ್ಬಿನ ಚುಕ್ಕಿ −30 ದಾಟಿ ಚದುರಿ ಹೋಗ್ತಾವ.

ಎದಿಗೆ ಬರೀ ಪ್ಲೇನ್ ಸಿಟಿ ಮಾಡಿಸಿದ್ರಲ್ಲ, ಅದ್ರಾಗೂ ಕೊಬ್ಬು ಅಳೀರಿ ಅಂತ ಕೇಳ್ತಾರ ಕೆಲವ್ರು. ಇಸಿಜಿ ಗೇಟಿಂಗ್ ಇಲ್ಲದ ಸ್ಕ್ಯಾನ್‌ನ್ಯಾಗ ಹೃದಯ ಅಲುಗಿ ಪೆರಿಕಾರ್ಡಿಯಂ ಎರಡು ಗೆರಿ ಕಾಣ್ತೈತಿ. ಅಂದಾಜಿಗೆ ಸರಿ, ಒಂದಕ್ಕೊಂದು ಹೋಲಿಸಾಕ ಬ್ಯಾಡ.

ಆಂಜಿಯೋಕ್ಕ ಬರೋವ್ರು ಹಾರ್ಟ್ ರೇಟ್ 60ರ ಆಸುಪಾಸು ಇರ್ಬೇಕು. ಡಾಕ್ಟರ್ ಬರೆದ ಮೆಟೊಪ್ರೊಲಾಲ್ ಒಂದು ತಾಸು ಮೊದಲ ತಗೊಂಡಿರ್ಬೇಕು, ಅಸ್ತಮಾ ಇದ್ರ ಮೊದಲ ಹೇಳ್ಬೇಕು. ಚಾ ಕಾಫಿ ಅವತ್ತು ಬ್ಯಾಡ. ನಾಲಿಗಿ ಕೆಳಗ ನೈಟ್ರೊಗ್ಲಿಸರಿನ್ ಕೊಡೋ ಮೊದಲ ಸಿಲ್ಡೆನಾಫಿಲ್ ಥರದ ಮಾತ್ರಿ ತಗೊಂಡಾರೇನು ಅಂತ ಅವ್ರೊಬ್ಬರನ್ನ ಕರೆದು ಕೇಳ್ರಿ, ಮನಿಯವ್ರ ಮುಂದ ಹೇಳಂಗಿಲ್ಲ ಮಂದಿ. ಬಲಗೈ ಮೊಣಕೈ ಮಡಚೋ ಜಾಗದಾಗ 18 ಅಥವಾ 20ರ ಸೂಜಿ ಬೇಕು, ಸೆಕೆಂಡಿಗೆ 5 ಎಂಎಲ್ ಹೋಗ್ಬೇಕಲ್ರಿ, ಮುಂಗೈಯಾಗ ಸಣ್ಣ ಸೂಜಿ ಹಾಕಿದ್ರ ಕಾಂಟ್ರಾಸ್ಟ್ ಹೊರಗ ಬಂದು ಕೈ ಬಾವು ಬರ್ತೈತಿ. ಉಸಿರು ಹಿಡಿಯೋದನ್ನ ಟೇಬಲ್ ಮ್ಯಾಲ ಮಲಗಿಸೋ ಮೊದ್ಲು ಎರಡು ಮೂರು ಸಲ ಮಾಡಿಸ್ರಿ. ನಮ್ಮ ಕಡೆ ಬ್ಯಾಸಗ್ಯಾಗ ಊರಿಂದ ಬಸ್ಸಿನ್ಯಾಗ ಬಂದವ್ರು ನೀರು ಕುಡಿದಿರಂಗಿಲ್ಲ, ಉಪವಾಸ ಅಂದ್ರ ನೀರೂ ಬ್ಯಾಡ ಅಂತ ತಿಳ್ಕೊಂಡಿರ್ತಾರ. ಊಟ ಬ್ಯಾಡ, ನೀರು ಕುಡೀರಿ ಅಂತ ಬಿಡಿಸಿ ಹೇಳ್ಬೇಕು. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ರಿಪೋರ್ಟ್ ಇಲ್ಲದ ಶುಗರ್ ಪೇಷಂಟ್‌ಗೆ ಕಾಂಟ್ರಾಸ್ಟ್ ಬ್ಯಾಡ್ರಿ.

ರಾಯಚೂರು ಡಯಾಬಿಟಿಸ್ ಕ್ಲಿನಿಕ್

ಕೊಬ್ಬು ಇಳಿಸುವ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಅವರ ಬಿಎಂಐ 26. ಪಾಶ್ಚಾತ್ಯ ಗಡಿಯಲ್ಲಿ ನೋಡಿದರೆ ‘ಸ್ವಲ್ಪ ದಪ್ಪ’ ಅಷ್ಟೇ, ನಮಗೆ 25 ದಾಟಿದರೆ ಬೊಜ್ಜೇ. ಗಂಡಸರಿಗೆ ಸೊಂಟದ ಗಡಿ 90 ಸೆಂ.ಮೀ., ಅವರದು 98. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮುಂದೆ ಬಂದವರಲ್ಲೇ ಹೃದಯದ ಸುತ್ತಲೂ, ಯಕೃತ್ತಿನಲ್ಲೂ ಕೊಬ್ಬು ಸೇರಿರುತ್ತದೆ. ಸಿಟಿಯ ಕೆಳ ಸ್ಲೈಸ್‌ಗಳಲ್ಲಿ ಯಕೃತ್ತು ಗುಲ್ಮಕ್ಕಿಂತ ಕಪ್ಪಗಿದೆಯೇ ಎಂದು ರೇಡಿಯಾಲಜಿಯವರು ನೋಡಿ ಹೇಳಲಿ, ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್‌ನಲ್ಲಿ.

ಹೃದಯದ ಕೊಬ್ಬಿಗಾಗಿಯೇ ಬೇರೆ ಪಥ್ಯ, ಬೇರೆ ಕಷಾಯ ಯಾವುದೂ ಇಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ‘ಹೃದಯದ ಕೊಬ್ಬು ಕರಗಿಸುವ’ ಪುಡಿಗಳಿಗೆ ದುಡ್ಡು ಹಾಕಬೇಡಿ ಎಂದು ಮೊದಲೇ ಹೇಳಿಬಿಡಿ. ಒಟ್ಟು ತೂಕ ಇಳಿದರೆ ಅದೂ ಇಳಿಯುತ್ತದೆ. ಇವರಿಗೆ 67 ಕೆ.ಜಿ. ಮೊದಲ ಗುರಿಯಾಗಲಿ. ಗಂಗಾವತಿ ಸೀಮೆಯಲ್ಲಿ ಮೂರು ಹೊತ್ತೂ ಅನ್ನ ಉಣ್ಣುವವರಿದ್ದಾರೆ, ಒಂದು ಹೊತ್ತು ಎರಡು ತೆಳು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ ಅಥವಾ ಮೊಳಕೆ ಕಾಳಿನ ಪಲ್ಯ, ಹಸಿ ಸೊಪ್ಪು ಸೌತೆಕಾಯಿಗೆ ಬದಲಾಗಲಿ. ರೊಟ್ಟಿ ಎಂದು ಐದಾರು ತಿಂದರೆ ಪ್ರಯೋಜನವಿಲ್ಲ. ಶೇಂಗಾ ಪುಡಿ ಒಳ್ಳೆಯದೇ, ದಿನಕ್ಕೆ ಎರಡು ಚಮಚ ಸಾಕು. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ. ಸಂಜೆಯ ಮಿರ್ಚಿ ಭಜಿ, ಒಗ್ಗರಣಿ ತಟ್ಟೆ ನಿಂತರೆ ಅರ್ಧ ದಾರಿ ಸವೆದಂತೆ.

ವ್ಯಾಯಾಮದ ಬಗ್ಗೆ ಒಂದು ಖಚಿತ ಆಧಾರ ಇದೆ. 2019ರಲ್ಲಿ ಡೆನ್ಮಾರ್ಕ್‌ನ ಸಣ್ಣ ಪ್ರಯೋಗವೊಂದರಲ್ಲಿ ಹೊಟ್ಟೆ ಬೊಜ್ಜಿನವರಿಗೆ ವಾರಕ್ಕೆ ಮೂರು ಸಲ, 45 ನಿಮಿಷದಂತೆ 12 ವಾರ ವ್ಯಾಯಾಮ ಮಾಡಿಸಿ ಎಂಆರ್‌ಐನಲ್ಲಿ ಅಳೆದರು. ಏದುಸಿರು ತರಿಸುವ ವ್ಯಾಯಾಮದಿಂದಲೂ, ತೂಕ ಎತ್ತುವ ವ್ಯಾಯಾಮದಿಂದಲೂ ಎಪಿಕಾರ್ಡಿಯಲ್ ಕೊಬ್ಬು ಇಳಿಯಿತು. ಈ ರೋಗಿಗೆ ಎದೆ ಹಿಡಿಯುತ್ತಿರುವುದರಿಂದ ಸ್ಟ್ರೆಸ್ ಪರೀಕ್ಷೆ ಆಗುವ ತನಕ ಸಮತಟ್ಟಾದ ನೆಲದ ಮೇಲೆ ನಿಧಾನ ನಡಿಗೆ ಮಾತ್ರ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಲಿ.

ಔಷಧಗಳಲ್ಲಿ ಎಸ್‌ಜಿಎಲ್‌ಟಿ-2 ಗುಂಪಿನ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮತ್ತು ಜಿಎಲ್‌ಪಿ-1 ಗುಂಪಿನ ಚುಚ್ಚುಮದ್ದುಗಳು ಈ ಕೊಬ್ಬನ್ನೂ ಇಳಿಸುತ್ತವೆ ಎಂದು ಸಣ್ಣ ಅಧ್ಯಯನಗಳು ತೋರಿಸಿವೆ. ಎಚ್‌ಬಿಎ1ಸಿ 8.1 ಇರುವುದರಿಂದ ಮೆಟ್‌ಫಾರ್ಮಿನ್ ಜೊತೆ ಎಸ್‌ಜಿಎಲ್‌ಟಿ-2 ಸೇರಿಸಲು ಕಾರಣ ಹೇಗೂ ಇದೆ. ಇಲ್ಲಿಯ 40 ಡಿಗ್ರಿ ಬಿಸಿಲಲ್ಲಿ ಹೊಲದಲ್ಲಿ, ರೈಸ್ ಮಿಲ್‌ನಲ್ಲಿ ದುಡಿಯುವವರಾದರೆ ನೀರು ಸಾಕಷ್ಟು ಕುಡಿಯಲು ಹೇಳಿ. ವಾಂತಿ ಭೇದಿ ಆದ ದಿನ, ಉಪವಾಸದ ದಿನ ಆ ಮಾತ್ರೆ ನಿಲ್ಲಿಸಲು ಮೊದಲೇ ತಿಳಿಸಿ. ಮೂತ್ರದ ಜಾಗದಲ್ಲಿ ತುರಿಕೆ ಬಂದರೆ ಸಂಕೋಚ ಪಡದೆ ಹೇಳಲಿ.

ಬಳ್ಳಾರಿ ರೇಡಿಯಾಲಜಿ

ಯಕೃತ್ತಿನ ಮಾತು ಸರಿ, ಅದನ್ನು ನಾವು ಬರೆಯುವುದೇ ಇಲ್ಲ, ಬರೆಯಬೇಕು. ಕಾರ್ಡಿಯಾಲಜಿ ಸರ್ ಹೇಳಿದ ‘ಚಿಕಿತ್ಸೆ ಬದಲಾಗುವುದಿಲ್ಲ’ ಎಂಬುದಕ್ಕೆ ಮಾತ್ರ ಸಣ್ಣ ಭಿನ್ನಾಭಿಪ್ರಾಯ. ಈ ರೋಗಿಗೆ ಒಪ್ಪುತ್ತೇನೆ. ಆದರೆ ಶುಗರ್ ಇಲ್ಲದ, ಸ್ಕೋರ್ ಸೊನ್ನೆ ಬಂದ 40ರವರಲ್ಲಿ ಕೊಬ್ಬು ಹೆಚ್ಚಿದೆ ಎಂದು ಒಂದು ಸಾಲು ಬರೆದರೆ ಫಿಜಿಶಿಯನ್ ಸೊಂಟ ಅಳೆಯುತ್ತಾರೆ, ಎಚ್‌ಬಿಎ1ಸಿ ನೋಡುತ್ತಾರೆ. ಹೊಸದಾಗಿ ವಿಕಿರಣ ಕೊಡಬೇಕಿಲ್ಲ, ಆಗಲೇ ತೆಗೆದ ಚಿತ್ರದಲ್ಲೇ ಸಿಗುವ ಮಾಹಿತಿ. ಬರೆಯುವುದಾದರೆ ಪೂರ್ತಿ ಬರೆಯಬೇಕು: ಕಾಂಟ್ರಾಸ್ಟ್ ಇತ್ತೋ ಇಲ್ಲವೋ, ಕೆವಿ, ಸ್ಲೈಸ್ ದಪ್ಪ, ಹೌನ್ಸ್‌ಫೀಲ್ಡ್ ಮಿತಿ, ಮೇಲಿನ ಕೆಳಗಿನ ಗಡಿ, ಒಳಕೊಬ್ಬು ಮಾತ್ರವೋ ಎರಡೂ ಸೇರಿಯೋ. ಇವಿಷ್ಟಿಲ್ಲದ ಎಂಎಲ್ ರೋಗಿಯನ್ನು ಹೆದರಿಸುತ್ತದೆ, ಇಲ್ಲವೇ ನಿಮ್ಮ ರೋಗಿಯಂತೆ ಸುಳ್ಳು ಸಮಾಧಾನ ಕೊಡುತ್ತದೆ.

ಕಾರ್ಡಿಯಾಲಜಿ, ಬಳ್ಳಾರಿ

ಆ ಮಟ್ಟಿಗೆ ನನ್ನದೂ ಒಪ್ಪಿಗೆ. ಲಕ್ಷಣವಿಲ್ಲದವರಿಗೆ ಕೊಬ್ಬು ಅಳೆಯಲೆಂದೇ ಸಿಟಿಗೆ ಕಳಿಸುವುದು ಬೇಡ ಎಂಬುದಷ್ಟೇ ನನ್ನ ವಾದ.

ಗಂಗಾವತಿ ಫಿಜಿಶಿಯನ್

ಎಲ್ಲರಿಗೂ ಕೃತಜ್ಞತೆ. ರೋಸುವಾ 20, ಬೀಟಾ ಬ್ಲಾಕರ್ ಶುರು ಮಾಡಿದ್ದೇನೆ, ಸ್ಟ್ರೆಸ್ ಎಕೋಗೆ ಬರೆದಿದ್ದೇನೆ. ಕೊನೆಯದೊಂದು: ಆರು ತಿಂಗಳ ನಂತರ ಕೊಬ್ಬು ಇಳಿದಿದೆಯೇ ನೋಡಲು ಮತ್ತೆ ಸಿಟಿ ಬೇಕೇ? ಅವರೇ ಕೇಳುತ್ತಿದ್ದಾರೆ.

ಬಳ್ಳಾರಿ ರೇಡಿಯಾಲಜಿ

ಬೇಡ ಸರ್. ಕ್ಯಾಲ್ಸಿಯಂ ಸ್ಕ್ಯಾನ್‌ಗೆ ಸುಮಾರು 1 ಮಿಲಿಸೀವರ್ಟ್, ಆಂಜಿಯೋಗೆ ಅದರ ಕೆಲವು ಪಟ್ಟು ವಿಕಿರಣ. ಅದೇ ವ್ಯಕ್ತಿ ಅದೇ ಸ್ಕ್ಯಾನ್ ಎರಡು ಸಲ ಅಳೆದರೂ ಕೆಲವು ಎಂಎಲ್ ಆಚೀಚೆ ಬರುತ್ತದೆ. ಸೊಂಟವನ್ನು ಹೊಕ್ಕುಳದ ಮಟ್ಟದಲ್ಲಿ ಬೇಡ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಟೇಪ್ ಬಿಗಿಯದೆ ತಿಂಗಳಿಗೊಮ್ಮೆ ಅಳೆಯಲಿ. ಕುತೂಹಲ ತಡೆಯದಿದ್ದರೆ ಎಕೋ ಸಾಕು, ಅದೇ ಲ್ಯಾಬ್‌ನಲ್ಲಿ, ಸಿಸ್ಟೊಲ್ ಕೊನೆಯಲ್ಲಿ.

ಕಾರ್ಡಿಯಾಲಜಿ, ಬಳ್ಳಾರಿ

ಮನೆಯವರಿಗೂ ಒಂದು ಮಾತು ತಿಳಿಸಿ. ಕೂತಲ್ಲೇ ಎದೆ ಹಿಡಿದು 15 ನಿಮಿಷದೊಳಗೆ ಬಿಡದಿದ್ದರೆ, ಬೆವರು ಬಂದರೆ, ‘ಕ್ಯಾಲ್ಸಿಯಂ ಸೊನ್ನೆ ಇದೆಯಲ್ಲ, ಗ್ಯಾಸ್ ಇರಬೇಕು’ ಎಂದು ಮನೆಯಲ್ಲಿ ಕೂರಬಾರದು. ಬಳ್ಳಾರಿಗೋ ಕಲಬುರಗಿ ಜಯದೇವಕ್ಕೋ ಹೊರಡುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಲಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯನ್ನು ಅಲ್ಲಿಂದಲೇ ತಜ್ಞರಿಗೆ ಕಳಿಸಿ, ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಈಗಲೇ ವಿಚಾರಿಸಿ, ಅವರ ಫೈಲಿನ ಮೇಲೆ ಬರೆದುಕೊಡಿ.